ಲೆಕ್ಕಕ್ಕೆ ಬಾರದ ಮಕ್ಕಳು



ಶ್ರೀಮಠದ ಪ್ರಸಾದನಿಲಯದಲ್ಲಿ ಉಂಡು, ಅಲ್ಲಿಯ ಕಂದೀಲಿನ ಬೆಳಕಿನಲ್ಲಿ ಓದಿ, ಮುಂದೆ ಮೂವತ್ತೈದು ವರ್ಷ ಮಕ್ಕಳಿಗೆ ಗಣಿತ ಕಲಿಸಿ 2009ರಲ್ಲಿ ನಿವೃತ್ತನಾದವನು ನಾನು. ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು ಇವೇ ನನ್ನ ಕಾಯಕವಾಗಿದ್ದುವು. ಲೆಕ್ಕದಲ್ಲಿ ತಪ್ಪು ಮಾಡಿದ ಮಕ್ಕಳನ್ನು ನಾನು ಸುಲಭವಾಗಿ ಬಿಟ್ಟವನಲ್ಲ. ಆದರೆ ನಾನೇ ಮಾಡಿದ ಒಂದು ದೊಡ್ಡ ತಪ್ಪು ಲೆಕ್ಕ ನಲವತ್ತು ವರ್ಷಗಳ ತರುವಾಯ ನನಗೆ ಗೊತ್ತಾಯಿತು. ಅದನ್ನು ನಿಮ್ಮ ಮುಂದೆ ಒಪ್ಪಿಸಬೇಕೆಂದು ಈ ಲೇಖನ ಬರೆಯುತ್ತಿದ್ದೇನೆ. ಇದರಲ್ಲಿ ನನ್ನ ಮನೆಯ ಮಾತು ಇದೆ, ದೇಶದ ಮಾತೂ ಇದೆ. ಎರಡನ್ನೂ ಬೇರ್ಪಡಿಸಿ ಹೇಳುವುದು ನನ್ನಿಂದಾಗದು.

1979ನೆಯ ಇಸವಿ. ಬ್ಯಾಡಗಿ ಸೀಮೆಯ ಒಂದು ಶಾಲೆಯಲ್ಲಿ ನಾನಾಗ ಶಿಕ್ಷಕನಾಗಿದ್ದೆ. ನನ್ನ ವರ್ಗಕ್ಕೆ ಒಂಬತ್ತು ವರ್ಷದ ಒಬ್ಬ ಹುಡುಗ ಬಂದು ಸೇರಿದ. ನೋಡಲು ಲಕ್ಷಣವಾದ ಹುಡುಗ. ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ಗಂಟೆ ಬಾರಿಸಿದೊಡನೆ ಎರಡೂ ಕಿವಿಗಳನ್ನು ಬೆರಳಿನಿಂದ ಮುಚ್ಚಿಕೊಂಡು ಮೂಲೆ ಸೇರುತ್ತಿದ್ದ. ಬಿಡುವಿನ ವೇಳೆಯಲ್ಲಿ ಉಳಿದವರು ಚಿಣಿಕೋಲು ಆಡಿದರೆ ಇವನು ಅಂಗಳದ ಹರಳುಗಳನ್ನು ಆರಿಸಿ ಸಾಲಾಗಿ ಇಡುತ್ತಿದ್ದ. ಯಾರಾದರೂ ಒಂದು ಹರಳನ್ನು ಕದಲಿಸಿದರೆ ನೆಲಕ್ಕೆ ಬಿದ್ದು ಚೀರುತ್ತಿದ್ದ.

ಮೊದಲ ವಾರ ನಾನು, "ನಿನ್ನ ಹೆಸರೇನು?" ಎಂದು ಕೇಳಿದೆ. ಅವನು ನನ್ನ ಮುಖವನ್ನು ನೋಡದೆಯೇ, ನನ್ನದೇ ಧ್ವನಿಯಲ್ಲಿ, "ನಿನ್ನ ಹೆಸರೇನು?" ಎಂದ. ವರ್ಗವೆಲ್ಲ ನಕ್ಕಿತು. ಮತ್ತೊಮ್ಮೆ ಕೇಳಿದೆ. ಮತ್ತೊಮ್ಮೆ ಅದೇ ಉತ್ತರ. ಹೊಸದಾಗಿ ಬಂದ ತರುಣ ಮಾಸ್ತರನನ್ನು ಈ ಹುಡುಗ ಅಣಕಿಸುತ್ತಿದ್ದಾನೆಂದು ನನಗೆ ಸಿಟ್ಟು ಬಂದಿತು. ಬೆತ್ತ ತೆಗೆದುಕೊಂಡೆ. ಆ ಹುಡುಗ ಬೆತ್ತಕ್ಕೂ ಹೆಸರು ಹೇಳಲಿಲ್ಲ. ಎರಡು ತಿಂಗಳ ಮೇಲೆ ಅವನ ತಂದೆಯನ್ನು ಕರೆಸಿ, "ಇವನು ಮೊಂಡ, ಇವನಿಗೆ ವಿದ್ಯೆ ಹತ್ತುವುದಿಲ್ಲ, ಹೊಲದ ಕೆಲಸಕ್ಕೆ ಹಚ್ಚಿರಿ" ಎಂದು ಹೇಳಿ ಕಳಿಸಿಬಿಟ್ಟೆ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಕೆಂಪು ಮಸಿಯಲ್ಲಿ 'ಶಾಲೆ ಬಿಟ್ಟಿದ್ದಾನೆ' ಎಂದು ಬರೆದೆ. ಬಿಟ್ಟವನು ಅವನಲ್ಲ, ಬಿಡಿಸಿದವನು ನಾನು. ಆದರೆ ಪುಸ್ತಕದಲ್ಲಿ ಹಾಗೆ ಬರೆಯುವ ಪದ್ಧತಿ ಇರಲಿಲ್ಲ.

ಅದನ್ನು ನಾನು ಮರೆತೆ. ಮರೆಯದೆ ಇದ್ದಿದ್ದರೆ ಒಳ್ಳೆಯದಿತ್ತು.

ನನ್ನ ಮಗಳನ್ನು ರಾಣೆಬೆನ್ನೂರಿಗೆ ಕೊಟ್ಟಿದ್ದೇವೆ. ಅಳಿಯನದು ಬೀಜದ ವ್ಯಾಪಾರ. 2016ರಲ್ಲಿ ಅವರಿಗೆ ಒಂದು ಗಂಡುಮಗು ಹುಟ್ಟಿತು. ಮೊದಲ ಹುಟ್ಟುಹಬ್ಬದ ಹೊತ್ತಿಗೆ 'ಅವ್ವ', 'ಬಾ' ಎನ್ನುತ್ತಿದ್ದ ಕೂಸು ಒಂದೂವರೆ ವರ್ಷಕ್ಕೆ ಆ ಮಾತುಗಳನ್ನೂ ನಿಲ್ಲಿಸಿತು. ಕರೆದರೆ ತಿರುಗುತ್ತಿರಲಿಲ್ಲ. ಬೇಕಾದುದನ್ನು ಬೆರಳು ಮಾಡಿ ತೋರಿಸುತ್ತಿರಲಿಲ್ಲ; ದೊಡ್ಡವರ ಕೈಯನ್ನು ಹಿಡಿದೆಳೆದು ಅದರ ಮೇಲೆ ಇಡುತ್ತಿತ್ತು. ತೋರಿಸಿದ ವೈದ್ಯರೊಬ್ಬರು, "ಗಂಡುಮಕ್ಕಳು ತಡವಾಗಿ ಮಾತಾಡುತ್ತಾರೆ, ಅವಸರ ಬೇಡ" ಎಂದರು. ಬಂಧುಗಳು ಹರಕೆ ಹೊರಲು ಹೇಳಿದರು. ಹರಕೆಯನ್ನೂ ಹೊತ್ತೆವು, ಅವಸರವನ್ನೂ ಮಾಡಲಿಲ್ಲ. ಹೀಗೆ ಒಂದು ವರ್ಷ ಕಳೆದುಹೋಯಿತು. ಮಗುವಿನ ಜೀವನದಲ್ಲಿ ಮೂರನೆಯ ವರ್ಷ ಎಂಬುದು ಎಷ್ಟು ಬೆಲೆಯುಳ್ಳದ್ದೆಂದು ಆಗ ನಮಗೆ ಹೇಳುವವರಿರಲಿಲ್ಲ.

ಒಂದು ಸಂಜೆ ನಾನು ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಹಾಲು ಬೇಕೇನೋ?" ಎಂದೆ. ಅವನು ನನ್ನ ಮುಖ ನೋಡದೆ, "ಹಾಲು ಬೇಕೇನೋ?" ಎಂದ. ಮನೆಯವರೆಲ್ಲ ಮಾತು ಬಂದಿತೆಂದು ಹಿಗ್ಗಿದರು. ನನಗೆ ಮಾತ್ರ ಆ ಕ್ಷಣದಲ್ಲಿ 1979ರ ಆ ವರ್ಗ, ಆ ನಗೆ, ನನ್ನ ಕೈಯಲ್ಲಿಯ ಬೆತ್ತ ಕಣ್ಣಮುಂದೆ ಬಂದು ನಿಂತುವು.

2019ರಲ್ಲಿ ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಎರಡು ದಿನ ಪರೀಕ್ಷಿಸಿ, ಮಗುವಿಗೆ ಆಟಿಸಂ ಇದೆ ಎಂದು ಹೇಳಿದರು. ಕೇಳಿದ್ದನ್ನೇ ತಿರುಗಿ ನುಡಿಯುವುದು ಅಣಕವಲ್ಲ, ಅದು ಆ ಮಗು ಮಾತನ್ನು ಹಿಡಿದುಕೊಳ್ಳಲು ಮಾಡುವ ಪ್ರಯತ್ನ ಎಂದು ಅಲ್ಲಿಯ ತರುಣ ವೈದ್ಯೆ ವಿವರಿಸಿದಳು. ಅವಳು ನನ್ನ ಮಗಳಿಗೆ ಹೇಳುತ್ತಿದ್ದಳು. ಆದರೆ ಆ ಮಾತು ನನಗೆ ತಾಕಿತು.

ಬಂಧುಗಳೇ, ಆಟಿಸಂ ಎಂದರೆ ಏನೆಂಬುದನ್ನು ನಾಲ್ಕು ಮಾತಿನಲ್ಲಿ ಹೇಳಬೇಕಾದುದು ಅವಶ್ಯ. ಇದು ಅಂಟುವ ಜಾಡ್ಯವಲ್ಲ, ಹುಚ್ಚೂ ಅಲ್ಲ. ಮಿದುಳು ಬೆಳೆಯುವ ರೀತಿಯಲ್ಲಿಯೇ ಇರುವ ಭಿನ್ನತೆ. ಇತರರೊಡನೆ ಬೆರೆಯುವುದು, ಮಾತು ಮತ್ತು ಸನ್ನೆಗಳಿಂದ ಮನಸ್ಸನ್ನು ತಿಳಿಸುವುದು ಇವರಿಗೆ ಕಷ್ಟ. ಒಂದೇ ಕ್ರಮಕ್ಕೆ ಅಂಟಿಕೊಳ್ಳುವುದು, ಶಬ್ದ, ಬೆಳಕು, ಸ್ಪರ್ಶಗಳನ್ನು ನಮಗಿಂತ ತೀವ್ರವಾಗಿ ಅನುಭವಿಸುವುದು ಇವರ ಸ್ವಭಾವ. ಎಲ್ಲರಲ್ಲಿಯೂ ಒಂದೇ ಪ್ರಮಾಣದಲ್ಲಿ ಇರುವುದಿಲ್ಲ. ಕೆಲವರು ಓದಿ ಉದ್ಯೋಗ ಮಾಡುತ್ತಾರೆ. ಕೆಲವರಿಗೆ ಆಯುಷ್ಯವಿಡೀ ಒಬ್ಬರ ಆಸರೆ ಬೇಕು. ಅಮೇರಿಕೆಯಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು 1943ರಲ್ಲಿ ಹನ್ನೊಂದು ಮಕ್ಕಳನ್ನು ವಿವರಿಸಿ ಇದನ್ನು ಜಗತ್ತಿಗೆ ತಿಳಿಸಿದರು. ಅಂದರೆ ನಾನು ಬೆತ್ತ ಎತ್ತುವುದಕ್ಕೆ 36 ವರ್ಷ ಮೊದಲೇ ಆ ಹುಡುಗನಿಗೆ ವೈದ್ಯಗ್ರಂಥದಲ್ಲಿ ಒಂದು ಹೆಸರಿತ್ತು. ಅದು ಬ್ಯಾಡಗಿಗೆ ಬಂದು ಮುಟ್ಟಿರಲಿಲ್ಲ, ಅಷ್ಟೆ.

ದೊಡ್ಡ ದೇಶಗಳೂ ಇದರಲ್ಲಿ ತಪ್ಪು ಮಾಡದೆ ಇರಲಿಲ್ಲ. ತಾಯಿಯ ಪ್ರೀತಿ ತಣ್ಣಗಿರುವುದರಿಂದಲೇ ಮಗು ಹೀಗಾಗುತ್ತದೆಂದು ಅಲ್ಲಿಯ ಪಂಡಿತರು ಬಹುಕಾಲ ಬೋಧಿಸಿದರು. ಬರ್ನಾರ್ಡ್ ರಿಮ್‌ಲ್ಯಾಂಡ್ ಎಂಬ ಮನೋವಿಜ್ಞಾನಿ, ತಾನೇ ಇಂಥ ಮಗನ ತಂದೆ, 1964ರಲ್ಲಿ ಗ್ರಂಥ ಬರೆದು ಅದನ್ನು ಖಂಡಿಸಬೇಕಾಯಿತು. 1998ರಲ್ಲಿ ಇಂಗ್ಲೆಂಡಿನ ವೈದ್ಯನೊಬ್ಬ ದಡಾರದ ಚುಚ್ಚುಮದ್ದಿಗೂ ಆಟಿಸಂಗೂ ಸಂಬಂಧ ಕಲ್ಪಿಸಿದ. 2010ರಲ್ಲಿ ಆ ಪ್ರಬಂಧವನ್ನು ಪತ್ರಿಕೆಯೇ ಹಿಂತೆಗೆದುಕೊಂಡಿತು. ಚುಚ್ಚುಮದ್ದಿನಿಂದ ಇದು ಬರುವುದಿಲ್ಲ. ತಾಯಿಯಿಂದಲೂ ಬರುವುದಿಲ್ಲ. ನಮ್ಮಲ್ಲಿ 'ತಣ್ಣನೆಯ ತಾಯಿ' ಎನ್ನುವ ಬದಲಿಗೆ 'ತಾಯಿಯ ಕರ್ಮ' ಎನ್ನುತ್ತೇವೆ. ಮಾತು ಬೇರೆ, ಪೆಟ್ಟು ಒಂದೇ. ನನ್ನ ಮಗಳು ಮದುವೆ ಮುಂಜಿಗಳಿಗೆ ಹೋಗುವುದನ್ನು ಬಿಟ್ಟದ್ದು ಮಗುವಿನ ಚೀರಾಟದಿಂದಲ್ಲ, ಇಂಥ ಮಾತುಗಳಿಂದ.

ಕನ್ನಡದಲ್ಲಿ ಇದಕ್ಕೆ 'ಸ್ವಲೀನತೆ' ಎಂದು ಹೆಸರಿಟ್ಟಿದ್ದಾರೆ. ನಮ್ಮ ಈ ಪತ್ರಿಕೆಯ ಓದುಗರಿಗೆ 'ಲೀನ' ಎಂಬ ಪದ ಬೇರೊಂದು ಅರ್ಥದಲ್ಲಿ ಚಿರಪರಿಚಿತ. ಆದುದರಿಂದಲೇ ಒಬ್ಬ ಹಿರಿಯ ಭಕ್ತರು ನನ್ನ ಮೊಮ್ಮಗನನ್ನು ನೋಡಿ, "ಇವನು ಪೂರ್ವದ ಶಿವಯೋಗಿ, ತನ್ನಲ್ಲಿ ತಾನು ಲೀನನಾಗಿದ್ದಾನೆ, ಎಬ್ಬಿಸಬೇಡಿರಿ" ಎಂದು ಕೈಮುಗಿದರು. ಅವರ ಮನಸ್ಸು ದೊಡ್ಡದು. ಆದರೆ ಮಗು ಯೋಗದಲ್ಲಿ ಇರಲಿಲ್ಲ. ಅದಕ್ಕೆ ಹೊಟ್ಟೆನೋವಿತ್ತು, ಹೇಳಲು ಬರುತ್ತಿರಲಿಲ್ಲ. ಮೊಂಡನೆಂದು ಹೊಡೆಯುವುದು ಹೇಗೆ ತಪ್ಪೋ, ಯೋಗಿಯೆಂದು ಕೈಮುಗಿದು ಬಿಟ್ಟುಬಿಡುವುದೂ ಹಾಗೆಯೇ ತಪ್ಪು. ಎರಡರಲ್ಲಿಯೂ ಮಗುವಿಗೆ ದೊರೆಯಬೇಕಾದ ನೆರವು ದೊರೆಯುವುದಿಲ್ಲ.

ನೆರವು ಎಂದರೆ ಏನು? ಆಟಿಸಂ ಅನ್ನು 'ವಾಸಿ' ಮಾಡುವ ಗುಳಿಗೆ ಇಲ್ಲ. ಹಾಗೆ ಹೇಳಿ ಹಣ ಕೀಳುವವರನ್ನು ನಂಬಬೇಡಿರಿ. ಆದರೆ ಎಳೆಯ ವಯಸ್ಸಿನಲ್ಲಿಯೇ ಆರಂಭಿಸಿದ ವಾಕ್‌ತರಬೇತಿ, ಆಟದ ಮೂಲಕ ಕಲಿಸುವ ವಿಧಾನ, ತಾಯಿತಂದೆಗಳಿಗೆ ಕೊಡುವ ಶಿಕ್ಷಣ, ಚಿತ್ರಗಳ ನೆರವಿನಿಂದ ದಿನದ ಕ್ರಮ ತಿಳಿಸುವುದು ಇವುಗಳಿಂದ ಬಹಳ ಮಕ್ಕಳು ಮುಂದೆ ಬರುತ್ತಾರೆ. ಇದಕ್ಕಾಗಿ ನನ್ನ ಮಗಳು ವಾರಕ್ಕೆರಡು ದಿನ ರಾಣೆಬೆನ್ನೂರಿನಿಂದ ಹುಬ್ಬಳ್ಳಿಗೆ ಸುಮಾರು ನೂರು ಕಿಲೋಮೀಟರು ರೈಲಿನಲ್ಲಿ ಹೋಗಿಬಂದಳು. ಬ್ಯಾಡಗಿ ನಿಲ್ದಾಣದಲ್ಲಿ ನಾನು ಹತ್ತಿಕೊಳ್ಳುತ್ತಿದ್ದೆ. ಎಂಜಿನ್ನಿನ ಸಿಳ್ಳಿಗೆ ಮಗು ಕಿವಿ ಮುಚ್ಚಿಕೊಂಡಾಗ ನನ್ನ ಕೈಯನ್ನೂ ಅದರ ಕೈಯ ಮೇಲೆ ಇಡುತ್ತಿದ್ದೆ. ಹಾವೇರಿ ದಾಟುವ ಹೊತ್ತಿಗೆ ಅವನು ನಿದ್ರೆ ಹೋಗುತ್ತಿದ್ದ. ಆಗ ನನ್ನ ಮಗಳು ಕಿಟಕಿಯ ಹೊರಗೆ ನೋಡುತ್ತ, "ಅಪ್ಪಾ, ನಮಗೆ ರೊಕ್ಕ ಐತಿ, ನೀವು ಅದೀರಿ. ಇಲ್ಲದವರು ಏನ್ ಮಾಡ್ತಾರ?" ಎಂದು ಕೇಳಿದಳು. ಆ ಪ್ರಶ್ನೆಯೇ ನನ್ನನ್ನು ಸರಕಾರದ ಕಾಯಿದೆಗಳನ್ನು ಓದಲು ಹಚ್ಚಿತು.

ನಮ್ಮ ದೇಶದ ಕಾಯಿದೆಯ ಕಥೆ ಹೀಗಿದೆ. 1995ರಲ್ಲಿ ವಿಕಲಚೇತನರಿಗಾಗಿ ಮೊದಲ ಸಮಗ್ರ ಕಾಯಿದೆ ಆಯಿತು. ಅದರಲ್ಲಿ ಏಳು ಬಗೆಯ ವಿಕಲತೆಗಳನ್ನು ಹೆಸರಿಸಿದ್ದರು. ಆಟಿಸಂ ಅವುಗಳಲ್ಲಿ ಇರಲಿಲ್ಲ. ದಿಲ್ಲಿಯಲ್ಲಿ ಇಂಥ ಮಗನ ತಾಯಿಯೊಬ್ಬರು, ಮೇರಿ ಬರುವಾ ಅವರು, 1991ರಲ್ಲಿಯೇ 'ಆಕ್ಷನ್ ಫಾರ್ ಆಟಿಸಂ' ಎಂಬ ಸಂಸ್ಥೆ ಕಟ್ಟಿ ಹೋರಾಟ ಆರಂಭಿಸಿದ್ದರು. ಪಾಲಕರ ಒತ್ತಾಯದಿಂದ 1999ರಲ್ಲಿ ರಾಷ್ಟ್ರೀಯ ನ್ಯಾಸ ಕಾಯಿದೆ, ಅಂದರೆ ನ್ಯಾಷನಲ್ ಟ್ರಸ್ಟ್ ಕಾಯಿದೆ, ಜಾರಿಗೆ ಬಂದಿತು. ಆಟಿಸಂ, ಮೆದುಳಿನ ಪಾರ್ಶ್ವವಾಯು, ಬುದ್ಧಿಮಾಂದ್ಯ, ಬಹುವಿಕಲತೆ ಈ ನಾಲ್ಕು ಬಗೆಯವರ ಕ್ಷೇಮ ಅದರ ಉದ್ದೇಶ. ಅಂತೂ ಕಾಯಿದೆಯ ಹೆಸರಿನಲ್ಲಿಯೇ ಆಟಿಸಂ ಎಂಬ ಪದ ಬಂದಿತು. ಆದರೆ ವಿಕಲತೆಯ ಪ್ರಮಾಣಪತ್ರ ದೊರೆಯುವುದು ಮಾತ್ರ ದುಸ್ತರವಾಗಿಯೇ ಉಳಿಯಿತು. 2016ರ ಡಿಸೆಂಬರಿನಲ್ಲಿ ಹೊಸ ಹಕ್ಕುಗಳ ಕಾಯಿದೆ ಆಗಿ, 2017ರ ಏಪ್ರಿಲ್ 19ರಿಂದ ಜಾರಿಗೆ ಬಂದಿತು. ಈಗ ವಿಕಲತೆಗಳು 21. ಆಟಿಸಂ ಅವುಗಳಲ್ಲಿ ಒಂದು. ನಿಗದಿಯಾದ ಪ್ರಮಾಣದ ವಿಕಲತೆಯುಳ್ಳ 6ರಿಂದ 18 ವರ್ಷದ ಮಗುವಿಗೆ ಉಚಿತ ಶಿಕ್ಷಣದ ಹಕ್ಕು ಇದೆ. ಸರಕಾರಿ ನೌಕರಿಯ ಶೇಕಡಾ 4ರ ಮೀಸಲಾತಿಯಲ್ಲಿ ಶೇಕಡಾ 1ನ್ನು ಆಟಿಸಂ, ಬುದ್ಧಿಮಾಂದ್ಯ ಮೊದಲಾದವುಗಳಿಗೆ ಹಂಚಿಟ್ಟಿದ್ದಾರೆ.

ಆರೋಗ್ಯ ಇಲಾಖೆಯು 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವನ್ನು ಆರಂಭಿಸಿತು. ಹುಟ್ಟಿದಂದಿನಿಂದ 18 ವರ್ಷದ ತನಕ ಅಂಗನವಾಡಿಯಲ್ಲಿ, ಶಾಲೆಯಲ್ಲಿ ಮಕ್ಕಳನ್ನು ಪರೀಕ್ಷಿಸಿ, ದೋಷ ಕಂಡವರನ್ನು ಜಿಲ್ಲೆಯ ಶೀಘ್ರ ಉಪಚಾರ ಕೇಂದ್ರಕ್ಕೆ ಕಳಿಸಬೇಕೆಂಬುದು ಅದರ ಯೋಜನೆ. ಅದರ ಪಟ್ಟಿಯಲ್ಲಿ ಆಟಿಸಂ ಇದೆ. 2023ರ ನವೆಂಬರಿನಲ್ಲಿ ಅಂಗನವಾಡಿಗಳಲ್ಲಿ ವಿಕಲಚೇತನ ಮಕ್ಕಳನ್ನು ಗುರುತಿಸಿ ಸೇರಿಸಿಕೊಳ್ಳುವ ಕ್ರಮಾವಳಿಯೂ ಹೊರಬಿದ್ದಿತು. ಶಾಲೆಗೆ ಬರಲಾರದ ಮಗುವಿಗೆ ಸಮಗ್ರ ಶಿಕ್ಷಣದ ಅಡಿಯಲ್ಲಿ ಗೃಹಾಧಾರಿತ ಶಿಕ್ಷಣ ಇದೆ. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯತಿಯ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ, ತಾಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರೂ ಇದ್ದಾರೆ.

ಇಷ್ಟೆಲ್ಲ ಓದಿದ ಮೇಲೆ ಯಾರಿಗಾದರೂ, ಇನ್ನೇನು ಬೇಕು ಎನಿಸೀತು. ಆದರೆ ಗಮನಿಸಿರಿ: ಪ್ರಮಾಣಪತ್ರ ಮತ್ತು ನ್ಯಾಸ ಒಂದು ಮಂತ್ರಾಲಯದ ಕೈಯಲ್ಲಿ, ತಪಾಸಣೆ ಇನ್ನೊಂದರ ಕೈಯಲ್ಲಿ, ಅಂಗನವಾಡಿ ಮತ್ತೊಂದರಲ್ಲಿ, ಶಾಲೆ ಮಗುದೊಂದರಲ್ಲಿ. ಮಗು ಒಂದೇ, ಕಡತ ನಾಲ್ಕು. ಆ ನಾಲ್ಕು ಕಡತಗಳನ್ನು ಒಂದೇ ದಾರದಲ್ಲಿ ಪೋಣಿಸುವ ಕೆಲಸ ಕೊನೆಗೆ ಯಾರಿಗೆ ಬರುತ್ತದೆ? ಮಗುವನ್ನು ಕಂಕುಳಲ್ಲಿ ಹೊತ್ತು ನಿಂತ ತಾಯಿಗೆ. ರಾಷ್ಟ್ರೀಯ ಯೋಜನೆ ಎಂಬುದು ಬೇಕಾಗಿರುವುದು ಇದಕ್ಕಾಗಿ. ಹೊಸ ವಾಗ್ದಾನಗಳಿಗಿಂತ, ಕೊಟ್ಟ ವಾಗ್ದಾನಗಳು ಒಂದೇ ಬಾಗಿಲಲ್ಲಿ ದೊರೆಯುವಂತೆ ಮಾಡುವುದಕ್ಕಾಗಿ.

ಹೊರದೇಶದ ಒಂದು ಉದಾಹರಣೆ ನನಗೆ ಬಹಳ ಹಿಡಿಸಿತು. ಅಮೇರಿಕೆಯವರು 2006ರಲ್ಲಿ ಆಟಿಸಂಗಾಗಿಯೇ ಒಂದು ಕಾಯಿದೆ ಮಾಡಿ, ಬೇರೆ ಬೇರೆ ಇಲಾಖೆಗಳನ್ನು ಕೂಡಿಸುವ ಸಮಿತಿಯೊಂದನ್ನು ನೇಮಿಸಿದರು. ಅದರಲ್ಲಿ ವೈದ್ಯರು, ಅಧಿಕಾರಿಗಳ ಜೊತೆಗೆ ಪಾಲಕರೂ, ಆಟಿಸಂ ಉಳ್ಳವರೂ ಸದಸ್ಯರಾಗಿರಬೇಕೆಂದು ಕಾಯಿದೆಯೇ ಹೇಳಿತು. 2009ರಲ್ಲಿ ಹೊರಬಂದ ಅವರ ಮೊದಲ ಯೋಜನೆಯನ್ನು ಇಲಾಖೆಗಳ ಹೆಸರಿನಿಂದ ವಿಭಾಗಿಸಲಿಲ್ಲ, ಪಾಲಕರು ಕೇಳುವ ಪ್ರಶ್ನೆಗಳಿಂದ ವಿಭಾಗಿಸಿದರು. ಯಾವಾಗ ಸಂಶಯಪಡಬೇಕು, ಏಕೆ ಹೀಗಾಯಿತು, ಯಾವ ಉಪಚಾರ ಒಳ್ಳೆಯದು, ನೆರವಿಗೆ ಎಲ್ಲಿಗೆ ಹೋಗಬೇಕು, ದೊಡ್ಡವನಾದ ಮೇಲೆ ಮುಂದೇನು ಎಂಬಂಥ ಪ್ರಶ್ನೆಗಳು ಅವು. ನನ್ನ ಮಗಳು ರೈಲಿನಲ್ಲಿ ಕೇಳುತ್ತಿದ್ದ ಪ್ರಶ್ನೆಗಳೂ ಇವೇ! ನೆರೆಯ ಬಂಗ್ಲಾದೇಶದ ಢಾಕಾದಲ್ಲಿ 2011ರ ಜುಲೈಯಲ್ಲಿ ದಕ್ಷಿಣ ಏಶಿಯದ ದೇಶಗಳು ಸೇರಿ ಆಟಿಸಂ ಕುರಿತು ಘೋಷಣೆಯನ್ನು ಹೊರಡಿಸಿದವು. 2014ರಲ್ಲಿ ವಿಶ್ವ ಆರೋಗ್ಯ ಸಭೆಯು, ಪ್ರತಿಯೊಂದು ದೇಶವೂ ಇದನ್ನು ತನ್ನ ಆರೋಗ್ಯ ಮತ್ತು ಶಿಕ್ಷಣದ ಯೋಜನೆಗಳಲ್ಲಿ ಸೇರಿಸಿಕೊಳ್ಳಬೇಕೆಂದು ನಿರ್ಣಯ ಮಾಡಿತು.

ಯೋಜನೆಗೆ ಮೊದಲು ಬೇಕಾದುದು ಎಣಿಕೆ. ಇಲ್ಲಿ ಗಣಿತದ ಮಾಸ್ತರನಾಗಿ ಮಾತನಾಡಲು ಅಪ್ಪಣೆ ಕೊಡಿರಿ. 2011ರ ಜನಗಣತಿಯಲ್ಲಿ ದೇಶದ ವಿಕಲಚೇತನರು 2 ಕೋಟಿ 68 ಲಕ್ಷ. ಕಾಣದವರು, ಕೇಳದವರು ಎಂದು ಎಂಟು ಮನೆಗಳನ್ನು ಮಾಡಿದ್ದರು. ಆಟಿಸಂಗೆ ಮನೆ ಇರಲಿಲ್ಲ. ಅಂಥವರು ಬುದ್ಧಿಮಾಂದ್ಯರ ಮನೆಯಲ್ಲಿ ಬಿದ್ದರೋ, 'ಇತರ' ಎಂಬಲ್ಲಿ ಬಿದ್ದರೋ, ಎಲ್ಲಿಯೂ ಬೀಳಲಿಲ್ಲವೋ! 2018ರಲ್ಲಿ ಪ್ರಕಟವಾದ ಒಂದು ಒಳ್ಳೆಯ ಸಂಶೋಧನೆ ದೇಶದ ಐದು ಕಡೆ 2ರಿಂದ 9 ವರ್ಷದ ಮಕ್ಕಳನ್ನು ಮನೆಮನೆಗೆ ಹೋಗಿ ಪರೀಕ್ಷಿಸಿತು. ನೂರಕ್ಕೆ ಸುಮಾರು ಹನ್ನೆರಡು ಮಕ್ಕಳಲ್ಲಿ ಆಟಿಸಂ, ಅಪಸ್ಮಾರ, ಕಿವುಡು ಮೊದಲಾದ ಬೆಳವಣಿಗೆಯ ತೊಂದರೆಗಳಲ್ಲಿ ಒಂದಾದರೂ ಕಂಡಿತು. ಆ ಐದು ಕಡೆಗಳಲ್ಲಿ ಉತ್ತರ ಗೋವೆ ಇದೆ, ಹೈದರಾಬಾದು ಇದೆ. ಕರ್ನಾಟಕದ ಊರು ಇಲ್ಲ. 2021ರಲ್ಲಿ ಜಗತ್ತಿನ 127 ಜನರಲ್ಲಿ ಒಬ್ಬರಿಗೆ ಆಟಿಸಂ ಇದ್ದಿತೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. 2011ರಲ್ಲಿ ನಮ್ಮ ಹಾವೇರಿ ಜಿಲ್ಲೆಯ ಜನಸಂಖ್ಯೆ 15,97,668. ಭಾಗಿಸಿ ನೋಡಿದರೆ 12 ಸಾವಿರಕ್ಕೂ ಹೆಚ್ಚು. ಇದು ಎಣಿಕೆಯಲ್ಲ, ಬರಿಯ ಭಾಗಾಕಾರ. ಆದರೂ ಅದರ ಕಾಲುಭಾಗವೇ ನಿಜವೆಂದಿಟ್ಟುಕೊಂಡರೂ ಅವರೆಲ್ಲ ಎಲ್ಲಿದ್ದಾರೆ? ನೀವು ಎಷ್ಟು ಜನರನ್ನು ಕಂಡಿದ್ದೀರಿ?

ನಾನು ಒಬ್ಬನನ್ನು ಹುಡುಕಿಕೊಂಡು ಹೋದೆ.

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯನ್ನು ನೀವು ಬಲ್ಲಿರಿ. ಅಲ್ಲಿಯ ದಲಾಲರೊಬ್ಬರು ನನ್ನ ಹಳೆಯ ವಿದ್ಯಾರ್ಥಿ. ಅವರ ಮೂಲಕ ವಿಚಾರಿಸಿದಾಗ, 1979ರ ಆ ಹುಡುಗ ಇನ್ನೂ ತನ್ನ ಊರಿನಲ್ಲಿಯೇ ಇರುವನೆಂದು ತಿಳಿಯಿತು. ಹೋದೆ. ಈಗ ಅವನಿಗೆ ಐವತ್ತೈದರ ಸಮೀಪ. ಪಡಸಾಲೆಯಲ್ಲಿ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದ. ಬಿಡಿಸಿದ ಕಾಯಿಗಳನ್ನು ಒಂದೇ ಅಳತೆಯ ಸಾಲುಗಳಲ್ಲಿ ಇಟ್ಟಿದ್ದ. ತಂದೆ ತೀರಿಹೋಗಿದ್ದಾನೆ. ತಾಯಿಗೆ ಎಂಬತ್ತರ ಹತ್ತಿರ. ಅಣ್ಣನ ಮಕ್ಕಳು ಬೆಂಗಳೂರು ಸೇರಿದ್ದಾರೆ. ಆ ತಾಯಿ ನನ್ನ ಗುರುತು ಹಿಡಿದಳು. ನಾನು ಏನು ಹೇಳಬೇಕೆಂದು ಹೊರಟಿದ್ದೆನೋ ಅದು ಬಾಯಿಗೆ ಬರಲಿಲ್ಲ. ಅವನ ಮುಂದೆ ಕುಳಿತು, ಬೇರೆ ಮಾತು ತೋಚದೆ, "ನಿನ್ನ ಹೆಸರೇನು?" ಎಂದೆ. ಅವನು ಕಾಯಿಗಳನ್ನು ನೋಡುತ್ತಲೇ, "ನಿನ್ನ ಹೆಸರೇನು?" ಎಂದ. ನಾನು ನನ್ನ ಹೆಸರನ್ನು ಹೇಳಿದೆ. ಸ್ವಲ್ಪ ಹೊತ್ತಿನ ಮೇಲೆ, ಯಾರೂ ಕೇಳದೆ, ತನ್ನ ಹೆಸರನ್ನು ಮೆಲ್ಲಗೆ ನುಡಿದ. ಮೊದಲ ಸಾರಿಯೇ ನಾನು ಹಾಗೆ ಮಾಡಿದ್ದರೆ!

ಅವನ ಬಳಿ ಯಾವ ಕಾಗದವೂ ಇರಲಿಲ್ಲ. ಶಾಲೆಯ ದಾಖಲೆಯಲ್ಲಿ 'ಬಿಟ್ಟಿದ್ದಾನೆ'. ಆಸ್ಪತ್ರೆಯ ದಾಖಲೆಯಲ್ಲಿ ಇಲ್ಲವೇ ಇಲ್ಲ. ಪಂಚಾಯತಿಯ ಪುನರ್ವಸತಿ ಕಾರ್ಯಕರ್ತನನ್ನು ಜೊತೆಗೆ ಕರೆದುಕೊಂಡು, ತಾಯಿಮಗನನ್ನು ಧಾರವಾಡಕ್ಕೆ ಒಯ್ದೆವು. ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆಯವರು ನಮ್ಮ ದೇಶದ ಮಕ್ಕಳಿಗಾಗಿ ರೂಪಿಸಿದ ಅಳತೆಪಟ್ಟಿ ಒಂದಿದೆ. ಅದರಲ್ಲಿ ನಲವತ್ತು ಅಂಶಗಳು. ಪ್ರತಿಯೊಂದಕ್ಕೂ ಒಂದರಿಂದ ಐದರ ತನಕ ಅಂಕ. ಎಪ್ಪತ್ತು ಮುಟ್ಟಿದರೆ ಆಟಿಸಂ. ತಾಯಿ ಒಂದೊಂದಕ್ಕೂ ನೆನಪು ಮಾಡಿಕೊಂಡು ಉತ್ತರ ಕೊಟ್ಟಳು. ಐವತ್ತು ವರ್ಷ ಯಾರೂ ಅವಳನ್ನು ಇದನ್ನೆಲ್ಲ ಕೇಳಿರಲಿಲ್ಲ. ಕೊನೆಗೆ ವೈದ್ಯರು, "ಶಾಲೆಗೆ ಎಷ್ಟು ದಿನ ಹೋದ? ಯಾಕೆ ಬಿಟ್ಟ?" ಎಂದರು. ಅವಳು ಸುಮ್ಮನಾದಳು. "ಎರಡು ತಿಂಗಳು. ಬಿಡಿಸಿದವನು ನಾನು" ಎಂದು ನಾನು ಹೇಳಿದೆ. ಹೊರಗೆ ಬಂದ ಮೇಲೆ ಆ ತಾಯಿ, "ಹೋಗ್ಲಿ ಬಿಡ್ರೀ ಮಾಸ್ತರ, ಆವಾಗ ಯಾರಿಗೆ ಗೊತ್ತಿತ್ತು? ಈಗ ಒಂದ ಹೇಳ್ರಿ, ನಾ ಹೋದ ಮ್ಯಾಲೆ ಇವನ್ನ ಯಾರು ನೋಡ್ತಾರ್ರೀ?" ಎಂದಳು.

ಅವಳು ನನ್ನನ್ನು ಕ್ಷಮಿಸಿದಳು. ಆದರೆ ಅವಳ ಪ್ರಶ್ನೆಗೆ ಉತ್ತರ ಬೇಕಾಗಿತ್ತು. 1999ರ ಕಾಯಿದೆ ಇದನ್ನು ಮುಂಗಂಡಿದೆ. 18 ವರ್ಷ ದಾಟಿದ ಇಂಥವರಿಗೆ ಕಾನೂನುಬದ್ಧ ಪೋಷಕರನ್ನು ನೇಮಿಸುವುದಕ್ಕೆ ಜಿಲ್ಲಾಧಿಕಾರಿಗಳ ದರ್ಜೆಯ ಅಧಿಕಾರಿ, ನೋಂದಾಯಿತ ಸಂಸ್ಥೆಯ ಪ್ರತಿನಿಧಿ, ವಿಕಲಚೇತನರೊಬ್ಬರು ಹೀಗೆ ಮೂವರ ಸ್ಥಾನಿಕ ಸಮಿತಿ ಇರಬೇಕೆಂದು ವಿಧಿಸಿದೆ. ನ್ಯಾಸದ 'ನಿರಾಮಯ' ಎಂಬ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿಯ ತನಕ ವೆಚ್ಚ ದೊರೆಯುತ್ತದೆ. ಪ್ರಮಾಣಪತ್ರ ಕೈಗೆ ಬಂದ ಮೇಲೆ ಪೋಷಕರ ನೇಮಕಕ್ಕಾಗಿ ಅರ್ಜಿ ಬರೆದು ಹಾವೇರಿಗೆ ಕೊಟ್ಟು ಬಂದಿದ್ದೇವೆ. ಅಣ್ಣನ ಹಿರಿಯ ಮಗ ಒಪ್ಪಿದ್ದಾನೆ. ಅವನು ಊರಲ್ಲಿ ಇರುವುದಿಲ್ಲ, ಆದುದರಿಂದ ದಿನದ ಕಾಳಜಿ ಯಾರದು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಕಾಗದ ಪೋಷಕನನ್ನು ಕೊಡಬಲ್ಲದು. ಸಂಜೆಯ ರೊಟ್ಟಿಯನ್ನು ಕೊಡಲಾರದು. ಅದು ನಮ್ಮ ನಿಮ್ಮ ಪಾಲಿನ ಕೆಲಸ.

ಇಂಥ ಕೆಲಸ ನಮ್ಮ ಸೀಮೆಗೆ ಹೊಸದೇನೂ ಅಲ್ಲ. ರಾಣೆಬೆನ್ನೂರು ತಾಲೂಕಿನ ಜೋಯಿಸರಹರಳಹಳ್ಳಿಯಲ್ಲಿ 1867ರಲ್ಲಿ ಜನಿಸಿದ ಹಾನಗಲ್ಲ ಕುಮಾರ ಶಿವಯೋಗಿಗಳು ಕಾಡಶೆಟ್ಟಿಹಳ್ಳಿಯ ಅಂಧ ಬಾಲಕ ಗದಿಗೆಯ್ಯನನ್ನು ಕರೆತಂದು ಸಂಗೀತ ಕಲಿಸಿದರು. ಅವರೇ ಪಂಚಾಕ್ಷರಿ ಗವಾಯಿಗಳಾದರು. ಪಂಚಾಕ್ಷರಿ ಗವಾಯಿಗಳು ದೇವಗಿರಿಯ ಇನ್ನೊಬ್ಬ ಅಂಧ ಬಾಲಕನನ್ನು ಸಾಕಿದರು. ಆ ಬಾಲಕ ಪುಟ್ಟರಾಜ ಗವಾಯಿಗಳಾಗಿ 2010ರಲ್ಲಿ ಲಿಂಗೈಕ್ಯರಾಗುವ ತನಕ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಸಾವಿರಾರು ಅಂಧ, ಅನಾಥ ಮಕ್ಕಳಿಗೆ ಅನ್ನ ವಿದ್ಯೆಗಳನ್ನು ನೀಡಿದರು. ಆಗ ಯಾವ ಕಾಯಿದೆಯೂ ಇರಲಿಲ್ಲ. ಮೈಸೂರಿನಲ್ಲಿ ಸುತ್ತೂರು ಮಠದ ವಿದ್ಯಾಪೀಠವು 1991ರಿಂದ ವಿಕಲಚೇತನರಿಗಾಗಿಯೇ ಪಾಲಿಟೆಕ್ನಿಕ್ ನಡೆಸುತ್ತಿದೆ. ಆದರೆ ಒಂದು ಮಾತು. ಕಾಣದವನ ಕೊರತೆ ನಮಗೆ ಕಾಣುತ್ತದೆ, ಅವನ ಹಾಡಿಗೆ ನಾವು ತಲೆದೂಗುತ್ತೇವೆ. ಆಟಿಸಂ ಉಳ್ಳವನ ಕೊರತೆ ಕಣ್ಣಿಗೆ ಬೀಳುವುದಿಲ್ಲ; ಅವನು ಹಾಡಿ ನಮ್ಮನ್ನು ತಣಿಸುತ್ತಾನೆಂಬ ಭರವಸೆಯೂ ಇಲ್ಲ. ಪ್ರತಿಫಲದ ಆಸೆ ಇಲ್ಲದೆ ಮಾಡುವುದೇ ದಾಸೋಹ ಎಂದು ನಾವು ಕಲಿತಿದ್ದರೆ, ಅದರ ಪರೀಕ್ಷೆ ಇಲ್ಲಿ ಆಗುತ್ತದೆ.

ಆದುದರಿಂದ ಶ್ರೀಮಠದ ಹಳೆಯ ವಿದ್ಯಾರ್ಥಿಗಳಲ್ಲಿ, ಭಕ್ತಬಾಂಧವರಲ್ಲಿ ನನ್ನ ಕೆಲವು ಬಿನ್ನಹಗಳಿವೆ. ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಒಂದು ವರ್ಷ ತುಂಬಿದ ಮಗು ಹೆಸರಿಗೆ ತಿರುಗದಿದ್ದರೆ, ಒಂದೂವರೆ ವರ್ಷವಾದರೂ ಬೆರಳು ಮಾಡಿ ತೋರಿಸದಿದ್ದರೆ, ಬಂದ ಮಾತು ನಿಂತುಹೋದರೆ, 'ತಡವಾಗಿ ಮಾತಾಡುತ್ತದೆ' ಎಂದು ಕಾಯಬೇಡಿರಿ. ಮೊದಲು ಕಿವಿಯ ಪರೀಕ್ಷೆ ಮಾಡಿಸಿರಿ, ಬಳಿಕ ಮಕ್ಕಳ ವೈದ್ಯರಿಗೆ ಆಟಿಸಂ ಎಂಬ ಹೆಸರನ್ನೇ ಎತ್ತಿ ಕೇಳಿರಿ. ನಿಮ್ಮಲ್ಲಿ ಶಿಕ್ಷಕರಾಗಿರುವವರು ಕೇಳಿದ್ದನ್ನೇ ತಿರುಗಿ ನುಡಿಯುವ ಮಗುವಿನ ಮೇಲೆ ಕೈ ಎತ್ತುವ ಮೊದಲು ಈ ಮುದುಕನನ್ನು ನೆನೆಯಿರಿ. ಶಾಲೆ ನಡೆಸುವವರು ಗದ್ದಲವಿಲ್ಲದ ಒಂದು ಕೊಠಡಿಯನ್ನೂ, ತರಬೇತಿ ಪಡೆದ ಒಬ್ಬ ಶಿಕ್ಷಕಿಯನ್ನೂ ಒದಗಿಸಿರಿ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳಲ್ಲಿ ವಾರಕ್ಕೆ ಒಂದು ದಿನ ವಾಕ್‌ತರಬೇತಿಯವರು ಬಂದು ಹೋಗುವ ವ್ಯವಸ್ಥೆಯಾದರೂ ಆದರೆ ಎಷ್ಟೋ ತಾಯಂದಿರಿಗೆ ಹುಬ್ಬಳ್ಳಿಯ ದಾರಿ ತಪ್ಪೀತು. ವಕೀಲರಾಗಿರುವವರು ಪೋಷಕರ ಅರ್ಜಿಯನ್ನು ತುಂಬಿಕೊಡಿರಿ.

ಇನ್ನೊಂದು. ಮುಂದಿನ ಜನಗಣತಿ 2027ರ ಮಾರ್ಚ್ 1ನ್ನು ಆಧಾರದಿನವಾಗಿ ಇಟ್ಟುಕೊಂಡು ನಡೆಯುವುದೆಂದು ಸರಕಾರ 2025ರಲ್ಲಿ ಪ್ರಕಟಿಸಿದೆ. 2016ರ ಕಾಯಿದೆಯ 21 ವಿಕಲತೆಗಳಿಗೂ ಅದರಲ್ಲಿ ಸ್ಥಳ ಸಿಗಬೇಕೆಂದು ನಾವೆಲ್ಲ ಕೇಳಬೇಕು. ಗಣತಿಯವರು ಬಾಗಿಲಿಗೆ ಬಂದಾಗ ಒಳಮನೆಯಲ್ಲಿ ಇರುವವನನ್ನು ಬಚ್ಚಿಡಬೇಡಿರಿ. ಲೆಕ್ಕಕ್ಕೆ ಬಾರದವನಿಗೆ ಯೋಜನೆಯಲ್ಲಿ ಪಾಲಿಲ್ಲ. ಇದು ಗಣಿತದ ಮೊದಲ ಪಾಠ.

ನನ್ನ ಮೊಮ್ಮಗನಿಗೆ ಈಗ ಒಂಬತ್ತು ವರ್ಷ. ನಾನು ಶಾಲೆ ಬಿಡಿಸಿದ ಹುಡುಗನ ಆಗಿನ ವಯಸ್ಸು. ರಾಣೆಬೆನ್ನೂರಿನ ಶಾಲೆಯೊಂದರಲ್ಲಿ ಓದುತ್ತಿದ್ದಾನೆ. ನೀರು ಬೇಕಾದರೆ ಕೇಳುತ್ತಾನೆ. ಗಂಟೆ ಹೊಡೆಯುವುದಕ್ಕೆ ಮುಂಚೆ ಅವನ ಶಿಕ್ಷಕಿ ಅವನಿಗೆ ಕೈಸನ್ನೆಯಿಂದ ತಿಳಿಸುತ್ತಾಳೆ, ಅವನು ಕಿವಿ ಮುಚ್ಚಿಕೊಳ್ಳುತ್ತಾನೆ, ಗಂಟೆ ನಿಂತ ಮೇಲೆ ಮತ್ತೆ ಬರೆಯುತ್ತಾನೆ. ಇಷ್ಟೇ ಬೇಕಾಗಿತ್ತು. ಇದಕ್ಕೆ ಹಣ ಹತ್ತುವುದಿಲ್ಲ, ತಿಳಿವಳಿಕೆ ಹತ್ತುತ್ತದೆ. ತಿಂಗಳಿಗೊಮ್ಮೆ ಅವನನ್ನು ಕರೆದುಕೊಂಡು ಆ ಊರಿಗೆ ಹೋಗುತ್ತೇನೆ. ಇಬ್ಬರೂ ಪಡಸಾಲೆಯಲ್ಲಿ ಕುಳಿತು ಮಾತಿಲ್ಲದೆ ಸಾಲು ಇಡುತ್ತಾರೆ. ಆ ಮುದುಕಿ ನೋಡುತ್ತ ಕೂಡುತ್ತಾಳೆ, ನಾನೂ ಕೂಡುತ್ತೇನೆ.

ತಿಳಿಯದೆ ಮಾಡಿದ ತಪ್ಪಿಗೆ ಕ್ಷಮೆ ಉಂಟು. ಈಗ ನಿಮಗೂ ತಿಳಿದಿದೆ, ನನಗೂ ತಿಳಿದಿದೆ. ಅವಳ ಪ್ರಶ್ನೆಯನ್ನು ನಿಮ್ಮ ಮುಂದೆ ಇಟ್ಟಿದ್ದೇನೆ. ನಿಮ್ಮ ಊರಿನಲ್ಲಿಯೂ ಅದನ್ನು ಕೇಳುವ ಒಬ್ಬ ತಾಯಿ ಇರುವಳು, ಹೋಗಿ ನೋಡಿರಿ.

ಶರಣು.